ಒಡಹುಟ್ಟಿದವರ ಸಿಂಹಾಸನ, ಅಂಕೆ ಮೀರಿದ ಮಾಯೆ: ಫ್ಯಾಂಟಸಿ ಕಾದಂಬರಿಯನ್ನು ಕಟ್ಟುವ ಕ್ರಮ

ಅರಸುಮನೆಯ ಅಣ್ಣತಮ್ಮಂದಿರೋ ಅಕ್ಕತಂಗಿಯರೋ ಒಂದೇ ಪಟ್ಟಕ್ಕಾಗಿ ಹೋರಾಡುವ, ಆ ಹೋರಾಟದ ನಡುವೆ ಯಾರ ಹಿಡಿತಕ್ಕೂ ಸಿಗದ ಮಾಯೆಯೊಂದು ತಲೆಯೆತ್ತುವ ದೀರ್ಘ ಕಾದಂಬರಿಯನ್ನು ಕನ್ನಡದಲ್ಲಿ ಬರೆಯಬೇಕೆಂದು ಹೊರಟವರಿಗಾಗಿ ಈ ಲೇಖನ. ಇಂಥ ಕೆಲಸಕ್ಕೆ ಕೈಹಾಕುವವರಲ್ಲಿ ಹೆಚ್ಚಿನವರು ಮೊದಲು ನಕ್ಷೆ ಬಿಡಿಸುತ್ತಾರೆ, ಆಮೇಲೆ ಹೆಸರುಗಳನ್ನು ಹುಡುಕುತ್ತಾರೆ, ನಂತರ ಮಾಯೆಯ ಬಗೆಗಳನ್ನು ಪಟ್ಟಿಮಾಡುತ್ತಾರೆ; ಜಗಳದ ಕಾರಣ ಮಾತ್ರ ‘ಕಿರಿಯವನಿಗೆ ಹೊಟ್ಟೆಕಿಚ್ಚು’ ಎಂಬ ಒಂದು ಸಾಲಿನಲ್ಲಿ ಮುಗಿದುಹೋಗಿರುತ್ತದೆ. ಹೊಟ್ಟೆಕಿಚ್ಚು ಒಂದು ಸಣ್ಣ ಕಥೆಗೆ ಸಾಕಾದೀತು, ಆರುನೂರು ಪುಟಗಳಿಗೆ ಸಾಲದು. ಅಷ್ಟು ದೂರ ನಡೆಯುವ ಜಗಳಕ್ಕೆ ಎರಡೂ ಕಡೆ ನ್ಯಾಯವಿರಬೇಕಾಗುತ್ತದೆ, ಮತ್ತು ನ್ಯಾಯ ಎರಡು ಕಡೆಗೆ ಹರಿದು ಹಂಚಿಹೋಗುವುದು ಉತ್ತರಾಧಿಕಾರದ ನಿಯಮದಲ್ಲೇ ಬಿರುಕಿದ್ದಾಗ. ನಿಮ್ಮ ಮಾಯೆಯೂ ಅದೇ ಬಿರುಕಿನಿಂದ ಹುಟ್ಟಿದರೆ ಕಾದಂಬರಿ ಒಂದಾಗಿ ನಿಲ್ಲುತ್ತದೆ. ಬೇರೆಲ್ಲಿಂದಲೋ ಬಂದರೆ ಅರಮನೆಯ ಕಥೆಯೊಂದು, ಮಂತ್ರವಾದಿಯ ಕಥೆಯೊಂದು ಎಂದು ಎರಡು ಪುಸ್ತಕಗಳನ್ನು ಒಟ್ಟಿಗೆ ಹೊಲಿದ ಹಾಗಾಗುತ್ತದೆ. ಕೆಳಗಿನ ಹಂತಗಳೆಲ್ಲ ಈ ಒಂದು ತಿಳಿವಳಿಕೆಯ ಮೇಲೆ ನಿಂತಿವೆ.

ಮೊದಲ ಹಂತ: ಪಟ್ಟದ ನಿಯಮವನ್ನು ಬರೆಯುವುದು

ನಕ್ಷೆಗೂ ಮುಂಚೆ, ನಿಮ್ಮ ರಾಜ್ಯದಲ್ಲಿ ಅರಸ ಸತ್ತರೆ ಮುಂದೆ ಪಟ್ಟ ಯಾರಿಗೆ ಎಂಬುದನ್ನು, ಆಸ್ಥಾನದ ಕರಣಿಕನೊಬ್ಬ ಕಡತದಲ್ಲಿ ಬರೆದಿಟ್ಟಂತೆ, ಐದಾರು ವಾಕ್ಯಗಳಲ್ಲಿ ಬರೆಯಿರಿ. ಹಿರಿಯ ಮಗನಿಗೆ ಎಂಬ ಒಂದೇ ಉತ್ತರ ತೋಚುತ್ತಿದ್ದರೆ ಸ್ವಲ್ಪ ಇತಿಹಾಸವನ್ನು ತಿರುವಿಹಾಕಬೇಕು, ಏಕೆಂದರೆ ಹಿರಿಯ ಮಗನೇ ಅರಸನಾಗಬೇಕೆಂಬುದು ಬಹಳ ಕಡೆ ಬರಿಯ ರೂಢಿಯಾಗಿತ್ತೇ ಹೊರತು ಮುರಿಯಲಾಗದ ಕಟ್ಟಳೆಯಾಗಿರಲಿಲ್ಲ.

ಮೊಗಲರಲ್ಲಿ ಜೀವಂತವಿರುವ ಪ್ರತಿಯೊಬ್ಬ ರಾಜಕುಮಾರನಿಗೂ ಹಕ್ಕಿತ್ತು. 1657ರ ಸೆಪ್ಟೆಂಬರಿನಲ್ಲಿ ಷಹಜಹಾನ್ ಕಾಯಿಲೆ ಬಿದ್ದ ಸುದ್ದಿ ಹರಡಿದ್ದೇ ತಡ, ಬಂಗಾಳದಿಂದ ಶೂಜಾ, ಗುಜರಾತಿನಿಂದ ಮುರಾದ್, ದಖ್ಖನಿನಿಂದ ಔರಂಗಜೇಬ್ ಹೀಗೆ ಮೂವರು ಮೂರು ದಿಕ್ಕಿನಿಂದ ಹೊರಟರು, ತಂದೆ ಮೆಚ್ಚಿದ ಹಿರಿಯ ಮಗ ದಾರಾ ರಾಜಧಾನಿಯಲ್ಲಿದ್ದ. ತಂದೆ ಆಗಿನ್ನೂ ಬದುಕಿಯೇ ಇದ್ದ, ಮತ್ತು 1666ರವರೆಗೂ ಆಗ್ರಾ ಕೋಟೆಯಲ್ಲಿ ಸೆರೆಯಾಳಾಗಿ ಬದುಕಿದ್ದ ಎಂಬುದು ಕಾದಂಬರಿಕಾರನಿಗೆ ಯುದ್ಧಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವ ಸಂಗತಿ. ಆಟೊಮನ್ ತುರ್ಕರದು ಇನ್ನೂ ಕಠಿಣ ದಾರಿ: ಪಟ್ಟವೇರಿದವನು ಲೋಕದ ಶಾಂತಿಗಾಗಿ ತನ್ನ ಸೋದರರನ್ನು ಕೊಲ್ಲಿಸಬಹುದೆಂದು ಎರಡನೆಯ ಮೆಹಮದನ ಕಟ್ಟಳೆಯೇ ಹೇಳಿತು, ಮತ್ತು 1595ರಲ್ಲಿ ಮೂರನೆಯ ಮೆಹಮದ್ ಪಟ್ಟಕ್ಕೆ ಬಂದಾಗ ಅವನ 19 ಜನ ತಮ್ಮಂದಿರನ್ನು ಕೊಲ್ಲಿಸಲಾಯಿತು. 1603ರಲ್ಲಿ ಬಂದ ಒಂದನೆಯ ಅಹಮದ್ ತನ್ನ ತಮ್ಮ ಮುಸ್ತಫಾನನ್ನು ಉಳಿಸಿದ; ಆ ಮೇಲೆ ಕೊಲ್ಲುವ ಬದಲು ಅರಮನೆಯೊಳಗೇ ಕೂಡಿಹಾಕುವ ಪದ್ಧತಿ ಬೆಳೆಯಿತು, 1617ರಲ್ಲಿ ಅದೇ ಮುಸ್ತಫಾನನ್ನು ಸೆರೆಯಿಂದ ತಂದು ಸಿಂಹಾಸನದ ಮೇಲೆ ಕೂರಿಸಲಾಯಿತು. ಕೊಲ್ಲುವ ನಿಯಮವಿದ್ದಲ್ಲಿ ಕರುಣೆ ತೋರಿದವನೇ ನಿಯಮ ಮುರಿದವನಾಗುತ್ತಾನೆ. ಇಂಥದೊಂದು ತಿರುವು ಸಿಕ್ಕರೆ ಬಿಡಬೇಡಿ.

ನಮ್ಮ ನೆಲದ ನಿದರ್ಶನಗಳೂ ಬಡವಲ್ಲ. ರಾಷ್ಟ್ರಕೂಟರಲ್ಲಿ ಧ್ರುವ ತನ್ನ ಅಣ್ಣ ಎರಡನೆಯ ಗೋವಿಂದನನ್ನು ತಳ್ಳಿ ಅರಸನಾದ. ಅದೇ ಧ್ರುವ ತನ್ನ ಹಿರಿಯ ಮಗ ಸ್ತಂಭನನ್ನು ಬಿಟ್ಟು ಮೂರನೆಯ ಗೋವಿಂದನಿಗೆ ಪಟ್ಟ ಗೊತ್ತುಮಾಡಿದ. ಸ್ತಂಭ ಹನ್ನೆರಡು ಅರಸರನ್ನು ಕೂಡಿಕೊಂಡು ದಂಗೆಯೆದ್ದು ಸೋತ, ಆದರೆ ತಮ್ಮ ಅವನನ್ನು ಕ್ಷಮಿಸಿ ಮತ್ತೆ ಗಂಗವಾಡಿಯ ಆಡಳಿತಕ್ಕೇ ಕಳುಹಿಸಿದ. ಸೋತ ಅಣ್ಣ ಸಾಯದೆ ಗಡಿನಾಡಿನ ಒಡೆಯನಾಗಿ ಉಳಿದು, ತಮ್ಮನ ಓಲೆಗಳಿಗೆ ಉತ್ತರ ಬರೆಯುತ್ತಾ ದಿನ ಕಳೆಯುವುದನ್ನು ಊಹಿಸಿಕೊಳ್ಳಿ. ಎರಡನೆಯ ಸಂಪುಟಕ್ಕೆ ಬೇಕಾದದ್ದೆಲ್ಲ ಅಲ್ಲಿದೆ. ಹೊಯ್ಸಳ ಸೋಮೇಶ್ವರ 1254ರಲ್ಲಿ ರಾಜ್ಯವನ್ನೇ ಇಬ್ಬರು ಮಕ್ಕಳಿಗೆ ಹಂಚಿ, ಮೂರನೆಯ ನರಸಿಂಹನಿಗೆ ದೋರಸಮುದ್ರವನ್ನೂ ರಾಮನಾಥನಿಗೆ ತಮಿಳು ಸೀಮೆಯನ್ನೂ ಕೊಟ್ಟ. ಹಂಚಿಕೆಯಿಂದ ಜಗಳ ನಿಲ್ಲಲಿಲ್ಲ, ರಾಜ್ಯವನ್ನು ಒಂದುಗೂಡಿಸುವ ಕೆಲಸ ನರಸಿಂಹನ ಮಗ ಮೂರನೆಯ ಬಲ್ಲಾಳನ ಪಾಲಿಗೆ ಬಂತು. ತುಳುನಾಡಿನ ಅಳಿಯಸಂತಾನವಂತೂ ಮಗನನ್ನೇ ಪಟ್ಟದ ದಾರಿಯಿಂದ ಹೊರಗಿಟ್ಟು ಸೋದರಿಯ ಮಗನಿಗೆ ಹಕ್ಕು ಕೊಡುತ್ತಿತ್ತು; ಅಂಥ ರಾಜ್ಯದಲ್ಲಿ ಅಣ್ಣತಂಗಿಯರ ಸಂಬಂಧವೇ ರಾಜಕಾರಣದ ನಡುಗಂಬವಾಗುತ್ತದೆ.

ಇವುಗಳಲ್ಲಿ ಯಾವುದನ್ನೂ ಹಾಗೆಯೇ ಎತ್ತಿಕೊಳ್ಳಬೇಕಿಲ್ಲ. ಒಂದನ್ನು ಆರಿಸಿಕೊಂಡು ಅದಕ್ಕೊಂದು ಅಪವಾದ, ಆ ಅಪವಾದಕ್ಕೊಂದು ಹಳೆಯ ಕಾರಣ ಸೇರಿಸಿದರೆ ನಿಮ್ಮದೇ ನಿಯಮವಾಗುತ್ತದೆ.

ಎರಡನೆಯ ಹಂತ: ಬಿರುಕನ್ನು ಗುರುತಿಸುವುದು

ಬರೆದ ನಿಯಮವನ್ನು ಎದುರಿಟ್ಟುಕೊಂಡು, ಇದನ್ನು ಪ್ರಾಮಾಣಿಕವಾಗಿ ಪಾಲಿಸುವ ಇಬ್ಬರು ಯಾವ ಸಂದರ್ಭದಲ್ಲಿ ಎರಡು ಬೇರೆ ಉತ್ತರಗಳಿಗೆ ಬರಬಲ್ಲರು ಎಂದು ಕೇಳಿಕೊಳ್ಳಿ. ಹಿರಿಯನೆಂದರೆ ಮೊದಲು ಹುಟ್ಟಿದವನೋ, ಪಟ್ಟದರಸಿಯ ಹೊಟ್ಟೆಯಲ್ಲಿ ಮೊದಲು ಹುಟ್ಟಿದವನೋ? ಯುವರಾಜ ಪಟ್ಟ ಕಟ್ಟಿದ ಮೇಲೆ ತಂದೆ ಮನಸ್ಸು ಬದಲಿಸಬಹುದೇ? ತಂದೆ ಪಟ್ಟವೇರುವ ಮೊದಲು ಹುಟ್ಟಿದ ಮಗುವನ್ನು ಅರಸನ ಮಗುವೆಂದು ಎಣಿಸಬೇಕೇ?

ಮುಂದಿನ ಹಂತಗಳನ್ನು ವಿವರಿಸಲು ಒಂದು ಮಾದರಿ ಬೇಕಾದ್ದರಿಂದ ಇಲ್ಲಿಯೇ ಒಂದನ್ನು ಕಟ್ಟೋಣ. ಘಟ್ಟದ ಕೆಳಗೊಂದು ರಾಜ್ಯವಿದೆ. ಅದರ ಮೂಲಪುರುಷ ಕಾಡು ಕಡಿದು ನೆಲ ಮಾಡುವಾಗ ಕಾಡಿಗೊಂದು ಮಾತು ಕೊಟ್ಟಿದ್ದಾನೆ: ಪ್ರತಿ ತಲೆಮಾರಿನ ಒಂದು ಮಗುವನ್ನು ಗಡಿಯಾಚೆ ಒಪ್ಪಿಸುವುದು, ಅದಕ್ಕೆ ಬದಲಾಗಿ ಕಾಡು ತನ್ನ ಗಡಿಯಲ್ಲೇ ನಿಲ್ಲುವುದು. ಪಟ್ಟ ಹಿರಿಯ ಸಂತಾನಕ್ಕೆ, ಗಂಡಾಗಲಿ ಹೆಣ್ಣಾಗಲಿ. ಈ ತಲೆಮಾರಿನಲ್ಲಿ ಮೊದಲು ಹುಟ್ಟಿದ ಹೆಣ್ಣುಮಗುವನ್ನು ತೊಟ್ಟಿಲಲ್ಲಿರುವಾಗಲೇ ಕಾಡಿಗೆ ಒಪ್ಪಿಸಿ, ಹಾಗೆ ಕೊಟ್ಟ ಮಗುವನ್ನು ಹುಟ್ಟಿದವರ ಲೆಕ್ಕದಲ್ಲಿ ಹಿಡಿಯಬಾರದೆಂದು ಕಡತದಿಂದ ಅವಳ ಹೆಸರನ್ನು ಅಳಿಸಲಾಗಿದೆ. ಎರಡನೆಯವನು ತಾನೇ ಹಿರಿಯನೆಂದು ನಂಬಿ ಬೆಳೆದಿದ್ದಾನೆ, ಯುವರಾಜನಾಗಿದ್ದಾನೆ, ಒಳ್ಳೆಯ ಆಡಳಿತಗಾರನೂ ಹೌದು. ಮೂರನೆಯವಳು ಕಿರಿಯಳು, ಯಾರ ಗಣನೆಯಲ್ಲೂ ಇಲ್ಲದವಳು. ಅರಸ ಸತ್ತ ಹೊತ್ತಿಗೆ ಅಕ್ಕ ಕಾಡಿನಿಂದ ಮರಳಿ ಬರುತ್ತಾಳೆ. ಅವಳು ಹುಟ್ಟಿದ್ದಾಳೋ ಇಲ್ಲವೋ ಎಂಬುದೇ ಈಗ ರಾಜ್ಯದ ಪ್ರಶ್ನೆ.

ಇಲ್ಲಿ ಯಾರೂ ಕೆಟ್ಟವರಾಗಬೇಕಾಗಿಲ್ಲ ಎಂಬುದನ್ನು ಗಮನಿಸಿ. ತಮ್ಮನು ಕಡತವನ್ನು ನಂಬಿದವನು, ಅಕ್ಕ ತನ್ನ ಮೈಯನ್ನೇ ಸಾಕ್ಷಿಯಾಗಿ ತಂದವಳು. ಓದುಗ ನೂರನೆಯ ಪುಟದಲ್ಲಿ ಒಬ್ಬರ ಪಕ್ಷ ಹಿಡಿದು, ಇನ್ನೂರನೆಯ ಪುಟದಲ್ಲಿ ಆ ಪಕ್ಷದ ಬಗ್ಗೆ ಇರಿಸುಮುರಿಸುಗೊಳ್ಳಬೇಕು.

ಮೂರನೆಯ ಹಂತ: ಒಡಹುಟ್ಟಿದವರನ್ನು ಎರಡರಿಂದ ಮೂರು ಮಾಡುವುದು

ಇಬ್ಬರೇ ಇದ್ದರೆ ಕಾದಂಬರಿ ತಕ್ಕಡಿಯಂತೆ ಮೇಲೆ ಕೆಳಗೆ ಆಡುತ್ತದೆಯೇ ಹೊರತು ಮುಂದೆ ಹೋಗುವುದಿಲ್ಲ. ಮೂರನೆಯವರು ಬಂದಾಗ ಮೈತ್ರಿ, ದ್ರೋಹ, ಮಧ್ಯಸ್ಥಿಕೆಗಳಿಗೆ ಜಾಗ ಸಿಗುತ್ತದೆ. ಮೊಗಲರ ಅದೇ ಕಲಹದಲ್ಲಿ ಗುಜರಾತಿನಲ್ಲಿ ತಾನೇ ಬಾದಶಹನೆಂದು ಸಾರಿಕೊಂಡಿದ್ದ ಮುರಾದನಿಗೆ ಔರಂಗಜೇಬ್ ರಾಜ್ಯದ ಪಾಲು ಕೊಡುವ ಮಾತು ಕೊಟ್ಟು ಜೊತೆಗೆ ಸೇರಿಸಿಕೊಂಡ. 1658ರಲ್ಲಿ ಗೆದ್ದ ಕೆಲವೇ ವಾರಗಳಲ್ಲಿ ಮಥುರೆಯ ಬಳಿ ಔತಣಕ್ಕೆ ಕರೆದು ಸೆರೆಹಿಡಿದ, 1661ರಲ್ಲಿ ಗ್ವಾಲಿಯರಿನಲ್ಲಿ ಮುರಾದನ ಕೊಲೆಯಾಯಿತು. ಕಲ್ಯಾಣದ ಚಾಲುಕ್ಯರಲ್ಲಿ ಆರನೆಯ ವಿಕ್ರಮಾದಿತ್ಯ ಅಣ್ಣ ಎರಡನೆಯ ಸೋಮೇಶ್ವರನನ್ನು ಇಳಿಸಿ 1076ರಲ್ಲಿ ಪಟ್ಟಕ್ಕೆ ಬಂದು ತನ್ನದೇ ಹೆಸರಿನ ಶಕೆಯನ್ನೂ ಆರಂಭಿಸಿದ. ಮುಂದೆ ಅವನ ತಮ್ಮ ಜಯಸಿಂಹ ಅವನ ಮೇಲೆಯೇ ಎದ್ದ. ಅಣ್ಣನನ್ನು ಇಳಿಸಿದವನು ತಮ್ಮನಿಗೆ ದಾರಿ ತೋರಿಸಿಕೊಟ್ಟಿರುತ್ತಾನೆ.

ಈ ಚಾಲುಕ್ಯರ ಪ್ರಸಂಗದಿಂದ ಕಾದಂಬರಿಕಾರರು ಕಲಿಯಬೇಕಾದ ಇನ್ನೊಂದು ವಿಷಯವಿದೆ. ವಿಕ್ರಮಾದಿತ್ಯನ ಕಥೆಯನ್ನು ಸಂಸ್ಕೃತದಲ್ಲಿ ಬರೆದವನು ಅವನದೇ ಆಸ್ಥಾನದ ಕಾಶ್ಮೀರಿ ಕವಿ ಬಿಲ್ಹಣ. ಅವನ ಕಾವ್ಯದಲ್ಲಿ ತಂದೆ ಕೊಡಲು ಬಂದ ಯುವರಾಜ ಪಟ್ಟವನ್ನು ವಿಕ್ರಮಾದಿತ್ಯ ಅಣ್ಣನಿರುವಾಗ ತನಗೇಕೆಂದು ಬೇಡವೆನ್ನುತ್ತಾನೆ, ಮುಂದೆ ಅಣ್ಣನ ಮೇಲೆ ಕತ್ತಿಯೆತ್ತಲು ಹಿಂಜರಿದಾಗ ಶಿವನೇ ಕನಸಿನಲ್ಲಿ ಬಂದು ಅಪ್ಪಣೆ ಕೊಡುತ್ತಾನೆ. ಗೆದ್ದವನ ಕವಿ ಹೀಗಲ್ಲದೆ ಬೇರೆ ಹೇಗೆ ಬರೆದಾನು! ನಿಮ್ಮ ಕಾದಂಬರಿಯಲ್ಲೂ ಒಬ್ಬ ಆಸ್ಥಾನ ಕವಿಯನ್ನೋ ಶಾಸನ ಬರೆಯುವವನನ್ನೋ ಇಟ್ಟು, ಅವನು ಬರೆದದ್ದನ್ನೂ ನಡೆದದ್ದನ್ನೂ ಓದುಗರು ಅಕ್ಕಪಕ್ಕದಲ್ಲಿ ನೋಡುವಂತೆ ಮಾಡಿದರೆ ಹತ್ತು ಯುದ್ಧಗಳು ಕೊಡದ ಕಾವು ಒಂದು ಅಧ್ಯಾಯದಲ್ಲಿ ಸಿಗುತ್ತದೆ.

ಸೋದರಿಯರನ್ನು ಅಲಂಕಾರಕ್ಕೆ ಬಿಡಬೇಡಿ. ಷಹಜಹಾನನ ಮಕ್ಕಳಲ್ಲಿ ಜಹನಾರಾ ದಾರಾನ ಪಕ್ಷ, ರೋಷನಾರಾ ಔರಂಗಜೇಬನ ಪಕ್ಷ. ಸೋತ ಪಕ್ಷದ ಜಹನಾರಾ ಸೆರೆಯಲ್ಲಿದ್ದ ತಂದೆಯ ಬಳಿಯೇ ಇದ್ದು, ಅವನು ತೀರಿಕೊಂಡ ಮೇಲೆ ಗೆದ್ದ ತಮ್ಮನ ಆಸ್ಥಾನದಲ್ಲಿ ಮತ್ತೆ ರಾಜಮನೆತನದ ಹಿರಿಯ ಸ್ಥಾನಕ್ಕೆ ಬಂದಳು. ಅವರಿಬ್ಬರೂ ಮೊದಲ ಬಾರಿ ಎದುರಾದಾಗ ಏನು ಮಾತಾಡಿರಬಹುದು ಎಂಬ ಪ್ರಶ್ನೆಯಿಂದಲೇ ಒಂದು ದೊಡ್ಡ ದೃಶ್ಯ ಹುಟ್ಟುತ್ತದೆ.

ಪ್ರತಿಯೊಬ್ಬರಿಗೂ ಜಗಳಕ್ಕಿಂತ ಹಳೆಯದಾದ ಒಂದು ಪ್ರೀತಿಯ ನೆನಪನ್ನು ಕೊಡಿ, ಅದು ಕಾದಂಬರಿಯಲ್ಲಿ ಎರಡು ಬಾರಿಗಿಂತ ಹೆಚ್ಚು ಬರದಿರಲಿ. ನಮ್ಮ ಮಾದರಿಯಲ್ಲಿ ಅಣ್ಣನೂ ಕಿರಿಯಳೂ ಒಟ್ಟಿಗೆ ಬೆಳೆದವರು, ಅಕ್ಕ ಇಬ್ಬರಿಗೂ ಅಪರಿಚಿತಳು. ಆದ್ದರಿಂದ ಕಿರಿಯಳು ಅಕ್ಕನ ಕಡೆ ವಾಲಿದ ದಿನ ಅಣ್ಣನಿಗೆ ಆಗುವ ನೋವು ರಾಜ್ಯ ಕಳೆದುಕೊಳ್ಳುವ ನೋವಿಗಿಂತ ಮೊದಲೇ ತಟ್ಟಬೇಕು.

ನಾಲ್ಕನೆಯ ಹಂತ: ಮಾಯೆಗೆ ನಿಯಮ ಕೊಡದೆ ಸ್ವಭಾವ ಕೊಡುವುದು

ಇಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾಗಿದೆ, ಏಕೆಂದರೆ ಹೆಚ್ಚಿನ ಹಸ್ತಪ್ರತಿಗಳು ಕುಸಿಯುವುದು ಇಲ್ಲಿಯೇ. ಗುರುಕುಲದಲ್ಲಿ ಕಲಿಸಬಹುದಾದ, ಮಂತ್ರ ತಪ್ಪದೆ ಹೇಳಿದರೆ ಫಲ ಕೊಡುವ ಮಾಯೆ ಒಂದು ಬಗೆ, ಅದು ವಿದ್ಯೆ. ಯಾರ ಅಪ್ಪಣೆಗೂ ಕಾಯದ, ಕರೆದಾಗ ಬಾರದ, ಬಂದಾಗ ಹೋಗದ ಕಾಡುಮಾಯೆ ಇನ್ನೊಂದು ಬಗೆ. ಎರಡನೆಯದನ್ನು ಆರಿಸಿಕೊಂಡವರು ಸಾಮಾನ್ಯವಾಗಿ ಎರಡು ಗುಂಡಿಗಳಲ್ಲಿ ಒಂದಕ್ಕೆ ಬೀಳುತ್ತಾರೆ. ಏನು ಬೇಕಾದರೂ ಆಗಬಹುದು ಎಂದುಬಿಟ್ಟರೆ ಓದುಗನಿಗೆ ಯಾವುದರ ಆತಂಕವೂ ಉಳಿಯುವುದಿಲ್ಲ. ಅದಕ್ಕೆ ಹೆದರಿ ಮಧ್ಯದಲ್ಲಿ ನಿಯಮಗಳನ್ನು ತುರುಕಿದರೆ ಕಾಡುಮಾಯೆ ಪಳಗಿದ ಆನೆಯಾಗುತ್ತದೆ, ಅಂಕುಶ ಯಾರ ಕೈಗೆ ಸಿಗುತ್ತದೋ ಅವರು ಗೆಲ್ಲುತ್ತಾರೆ, ಕಥೆ ಅಂಕುಶ ಹುಡುಕುವ ಕಥೆಯಾಗಿ ಬಡವಾಗುತ್ತದೆ. ಇವೆರಡರ ನಡುವಿನ ದಾರಿಯೆಂದರೆ ಮಾಯೆಗೆ ಸ್ವಭಾವ ಕೊಡುವುದು: ಅದು ಯಾವಾಗ ಏನು ಮಾಡುತ್ತದೆಂದು ಹೇಳಲಾಗದು, ಆದರೆ ಏನನ್ನು ಸಹಿಸುವುದಿಲ್ಲ, ಏನಕ್ಕೆ ಸೆಳೆಯಲ್ಪಡುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದನ್ನು ಹಳ್ಳಿಯ ಮುದುಕಿಯೂ ಬಲ್ಲಳು.

ಪಟ್ಟದ ನಿಯಮ ಮತ್ತು ಮಾಯೆ ಒಂದೇ ಬೇರಿನಿಂದ ಹೊರಡುವುದು ಹೇಗೆಂದು ತೋರಿಸಲು ತುಳುನಾಡಿನ ಭೂತಾಳ ಪಾಂಡ್ಯನ ಐತಿಹ್ಯಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಅರಸನ ಹೊಸ ಹಡಗುಗಳು ನೀರಿಗಿಳಿಯಬೇಕಾದರೆ ಅವನ ಮಗನನ್ನು ಬಲಿ ಕೊಡಬೇಕೆಂದು ಕುಂಡೋದರನೆಂಬ ಭೂತ ಕೇಳುತ್ತದೆ. ಹೆಂಡತಿ ತನ್ನ ಮಗನನ್ನು ಕೊಡಲು ಒಪ್ಪುವುದಿಲ್ಲ, ಸೋದರಿ ತನ್ನ ಮಗನನ್ನು ಕೊಡಲು ಮುಂದೆ ಬರುತ್ತಾಳೆ. ಭೂತ ಆ ಹುಡುಗನನ್ನು ಉಳಿಸಿ ಅವನಿಗೇ ರಾಜ್ಯ ಸಲ್ಲಬೇಕೆಂದೂ ಮುಂದೆಯೂ ಸೋದರಳಿಯನಿಗೇ ಆಸ್ತಿ ಹೋಗಬೇಕೆಂದೂ ಕಟ್ಟುಮಾಡುತ್ತದೆ. ಹಕ್ಕು ಕಳೆದುಕೊಂಡ ಆ ಮಗನ ಬಗ್ಗೆ ಐತಿಹ್ಯ ಹೆಚ್ಚು ಹೇಳುವುದಿಲ್ಲ. ಕಾದಂಬರಿಕಾರನ ಕಣ್ಣು ಬೀಳಬೇಕಾದದ್ದು ಅಲ್ಲಿಗೆ.

ಜೈನ ಪರಂಪರೆಯ ಭರತ ಬಾಹುಬಲಿಯರ ಕಥೆ, 941ರಲ್ಲಿ ಪಂಪ ಕನ್ನಡಕ್ಕೆ ತಂದದ್ದು, ಇದೇ ಪಾಠವನ್ನು ಬೇರೆ ರೀತಿಯಲ್ಲಿ ಕಲಿಸುತ್ತದೆ. ದಿಗ್ವಿಜಯ ಮುಗಿಸಿ ಬಂದ ಭರತನ ಚಕ್ರರತ್ನ ರಾಜಧಾನಿಯ ಬಾಗಿಲಲ್ಲೇ ನಿಂತುಬಿಡುತ್ತದೆ, ತಮ್ಮಂದಿರು ಇನ್ನೂ ತಲೆಬಾಗಿಲ್ಲವೆಂಬ ಕಾರಣಕ್ಕೆ. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರರಲ್ಲೂ ಬಾಹುಬಲಿ ಗೆದ್ದಾಗ ಸಿಟ್ಟಿಗೆದ್ದ ಭರತ ಅದೇ ಚಕ್ರವನ್ನು ತಮ್ಮನ ಮೇಲೆ ಬಿಡುತ್ತಾನೆ; ಅದು ಬಾಹುಬಲಿಗೆ ಸುತ್ತುಬಂದು ಹಾನಿಮಾಡದೆ ನಿಲ್ಲುತ್ತದೆ. ಒಂದೇ ವಸ್ತು ಮೊದಲು ಜಗಳ ಹುಟ್ಟಿಸುತ್ತದೆ, ಕೊನೆಗೆ ಜಗಳದಲ್ಲಿ ಆಯುಧವಾಗಲು ಒಪ್ಪುವುದಿಲ್ಲ. ಮಾಯೆಗೆ ಸ್ವಭಾವವಿರಬೇಕೆಂದರೆ ಇದೇ ಅರ್ಥ.

ನಮ್ಮ ಮಾದರಿಯ ಕಾಡುಮಾಯೆಯ ಸ್ವಭಾವವನ್ನು ಒಂದು ವಾಕ್ಯದಲ್ಲಿ ಹೀಗೆ ಹೇಳಬಹುದು: ಲೆಕ್ಕಕ್ಕೆ ಬಾರದ್ದನ್ನೆಲ್ಲ ಕಾಡು ತನ್ನದೆನ್ನುತ್ತದೆ. ಹೆಸರಿಡದ ಮಗು, ಗಡಿಕಲ್ಲು ನೆಡದ ಗದ್ದೆ, ಕಲ್ಲು ನಿಲ್ಲಿಸದ ಸತ್ತವನು, ಕಡತದಿಂದ ಅಳಿಸಿದ ರಾಜಕುಮಾರಿ, ಎಲ್ಲವೂ ಅದರ ಪಾಲು. ಅಕ್ಕ ಮರಳಿದಾಗ ಕಾಡು ತನ್ನ ಸೊತ್ತು ಕಳುವಾಯಿತೆಂದು ತಿಳಿಯುತ್ತದೆ. ಒಂದು ರಾತ್ರಿ ಕಳೆಯುವಷ್ಟರಲ್ಲಿ ಗದ್ದೆಯ ನಡುವೆ ನೂರು ವರ್ಷದ ಹಲಸಿನ ಮರ ನಿಂತಿರುತ್ತದೆ, ಬಾವಿಯ ನೀರಿನಲ್ಲಿ ಎಲೆಗೊಂಚಲಿನ ನೆರಳಾಡುತ್ತದೆ, ಮೇಲೆ ನೋಡಿದರೆ ಮರವಿಲ್ಲ. ಹೆಸರು ಕೊರೆದ ವೀರಗಲ್ಲಿನ ನೆರಳು ಬೀಳುವಷ್ಟು ಜಾಗವನ್ನು ಮಾತ್ರ ಅದು ಮುಟ್ಟುವುದಿಲ್ಲ. ಇಷ್ಟು ಗೊತ್ತಾದ ಕೂಡಲೇ ಕಥೆ ತಾನಾಗಿ ಹೊರಡುವುದನ್ನು ನೋಡಿ. ಹಳ್ಳಿಗಳನ್ನು ಉಳಿಸಲು ಅಣ್ಣ ಪ್ರತಿ ಊರಿಗೂ ತನ್ನ ಹೆಸರಿನ ಶಾಸನ ನಿಲ್ಲಿಸುತ್ತಾನೆ. ಅಕ್ಕನೂ ತನ್ನ ಹೆಸರಿನ ಶಾಸನ ನಿಲ್ಲಿಸುತ್ತಾಳೆ. ಒಂದೇ ಊರು ಎರಡು ಲೆಕ್ಕದಲ್ಲಿ ಬಂದಾಗ ಕಾಡು ಅದನ್ನು ಲೆಕ್ಕಕ್ಕೆ ಸೇರಿದ್ದೆಂದು ತಿಳಿಯುತ್ತದೆಯೋ ಇಲ್ಲವೋ? ಈ ಪ್ರಶ್ನೆಗೆ ಉತ್ತರ ನಡುಭಾಗದವರೆಗೂ ಯಾರಿಗೂ ತಿಳಿಯದಿರಲಿ, ಆದರೆ ನಿಮಗೆ ಮೊದಲ ಪುಟ ಬರೆಯುವ ಮುಂಚೆಯೇ ತಿಳಿದಿರಲಿ.

ಬೆಲೆಯ ಮಾತೂ ಇದೆ. ಮಾಯೆಯನ್ನು ಮುಟ್ಟಿದವರು ಏನಾದರೂ ಕಳೆದುಕೊಳ್ಳಬೇಕೆಂದು ಎಲ್ಲರೂ ಬರೆಯುತ್ತಾರೆ, ಹೆಚ್ಚಾಗಿ ಅದು ಮೂಗಿನಿಂದ ರಕ್ತ ಸೋರುವುದಕ್ಕೆ ನಿಲ್ಲುತ್ತದೆ. ಮೈಗೆ ಆಗುವ ನಷ್ಟ ಒಂದು ವಾರದಲ್ಲಿ ಮಾಯುತ್ತದೆ. ಪಟ್ಟದ ಹಕ್ಕಿಗೆ ಆಗುವ ನಷ್ಟ ಮಾಯುವುದಿಲ್ಲ. ನಮ್ಮ ಕಿರಿಯಳಿಗೆ ಕಾಡಿನ ಮಾತು ಕೇಳಿಸುತ್ತದೆ, ಆದರೆ ಒಂದೊಂದು ಬಾರಿ ಅದಕ್ಕೆ ಉತ್ತರಿಸಿದಾಗಲೂ ಅರಮನೆಯಲ್ಲಿ ಒಬ್ಬರು ಅವಳನ್ನು ಮರೆಯುತ್ತಾರೆ. ಮೊದಲು ಅಡುಗೆಯವಳು, ಆಮೇಲೆ ಸಾಕಿದ ದಾದಿ, ಕೊನೆಗೆ ಅಣ್ಣ. ಪಟ್ಟಕ್ಕೆ ಹತ್ತಿರವಾದಷ್ಟೂ ಅವಳು ಲೆಕ್ಕದಿಂದ ಜಾರುತ್ತಾಳೆ.

ಇನ್ನೊಂದು ಎಚ್ಚರಿಕೆ. ಕೊಡಗಿನ ದೇವರಕಾಡು, ಕರಾವಳಿಯ ನಾಗಬನ, ಭೂತಾರಾಧನೆ ಇವೆಲ್ಲ ಇಂದಿಗೂ ಜನ ನಡೆದುಕೊಳ್ಳುವ ಸ್ಥಳಗಳು ಮತ್ತು ಆಚರಣೆಗಳು. ಅವುಗಳಿಂದ ಕಲಿಯಬಹುದಾದದ್ದು ಬಹಳವಿದೆ: ಕೊಡಲಿ ಬೀಳದ ಕಾಡಿನ ತುಂಡು, ಊರಿನ ಒಡೆಯನೂ ಕೈಮುಗಿದು ನಿಲ್ಲಬೇಕಾದ ಗಳಿಗೆ, ನ್ಯಾಯ ಕೇಳಲು ಬಂದವರಿಗೆ ಸಿಗುವ ನುಡಿ. ಆದರೆ ಒಂದು ದೈವದ ಹೆಸರನ್ನೂ ಅದರ ಕಥೆ ಹೇಳುವ ಪಾಡ್ದನವೆಂಬ ಹಾಡನ್ನೂ ಎತ್ತಿಕೊಂಡು ನಿಮ್ಮ ಕಥೆಯ ರಾಕ್ಷಸನನ್ನಾಗಿ ಮಾಡುವುದು ಒಳ್ಳೆಯ ಕಲ್ಪನೆಯೂ ಅಲ್ಲ, ಒಳ್ಳೆಯ ನಡತೆಯೂ ಅಲ್ಲ. ರಚನೆಯನ್ನು ಕಲಿತು ಹೆಸರನ್ನು ಬಿಟ್ಟುಬಿಡಿ.

ಐದನೆಯ ಹಂತ: ಆಣೆ, ಶಾಪ, ಮತ್ತು ಸುತ್ತ ನಿಂತವರು

ಅರಸುಮಕ್ಕಳ ಜಗಳದಲ್ಲಿ ಹೆಚ್ಚು ಸಾಯುವವರು ಅರಸುಮಕ್ಕಳಲ್ಲ. ಹೊಯ್ಸಳರ ಕಾಲದ ಗರುಡರು ಒಡೆಯನ ಜೊತೆಗೇ ಪ್ರಾಣ ಬಿಡುವ ಆಣೆ ತೊಟ್ಟವರು. ಎರಡನೆಯ ಬಲ್ಲಾಳ ತೀರಿಕೊಂಡಾಗ ಕುವರ ಲಕ್ಷ್ಮನೆಂಬ ದಂಡನಾಯಕ ಹೆಂಡತಿ ಮತ್ತು ಸಂಗಡಿಗರೊಡನೆ ಆತ್ಮಾರ್ಪಣೆ ಮಾಡಿಕೊಂಡದ್ದನ್ನು ಹಳೇಬೀಡಿನ ಗರುಡಗಂಬ ಈಗಲೂ ಹೇಳುತ್ತದೆ. ಇಂಥ ಆಣೆ ತೊಟ್ಟವನೊಬ್ಬನನ್ನು ನಿಮ್ಮ ರಾಜ್ಯಕ್ಕೆ ತನ್ನಿ. ಒಡೆಯರು ಇಬ್ಬರಾದಾಗ ಅವನು ಯಾರ ಸಾವಿಗೆ ಸಾಯಬೇಕು?

ಶಾಸನಗಳ ಕೊನೆಯಲ್ಲಿ ಬರುವ ಶಾಪಾಶಯಗಳನ್ನೂ ಓದಿಕೊಳ್ಳಿ. ಕೊಟ್ಟ ದಾನವನ್ನು ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಹೇಸಿಗೆಯಲ್ಲಿ ಹುಳುವಾಗಿ ಹುಟ್ಟುತ್ತಾನೆ, ವಾರಣಾಸಿಯಲ್ಲಿ ಸಾವಿರ ಕವಿಲೆ ಹಸುಗಳನ್ನು ಕೊಂದ ಪಾಪಕ್ಕೆ ಹೋಗುತ್ತಾನೆ ಎಂದು ಅರಸರು ತಮ್ಮ ನಂತರದ ಅರಸರನ್ನು, ಅಂದರೆ ತಮ್ಮದೇ ಮಕ್ಕಳನ್ನೂ ಮೊಮ್ಮಕ್ಕಳನ್ನೂ, ಮುಂದಾಗಿಯೇ ಶಪಿಸಿಡುತ್ತಿದ್ದರು. ಕಾಡುಮಾಯೆ ನಿಜವಾಗಿಯೂ ಇರುವ ಲೋಕದಲ್ಲಿ ಇಂಥ ವಾಕ್ಯ ಬರಿಯ ರೂಢಿಯ ಮಾತಾಗಿ ಉಳಿಯಲಾರದು.

ಆರನೆಯ ಹಂತ: ದೂರ ಮತ್ತು ಮೇವು

ಈಗ ನಕ್ಷೆ ಬಿಡಿಸಬಹುದು. ಊರುಗಳ ನಡುವಿನ ದೂರವನ್ನು ದಿನಗಳಲ್ಲಿ ಬರೆಯಿರಿ. ಎತ್ತಿನ ಬಂಡಿಗಳನ್ನು ಕಟ್ಟಿಕೊಂಡ ದಂಡು ದಿನಕ್ಕೆ ಹದಿನೈದಿಪ್ಪತ್ತು ಕಿಲೋಮೀಟರಿಗಿಂತ ಹೆಚ್ಚು ಸಾಗುವುದು ಕಷ್ಟ, ಒಂದು ಆನೆಗೆ ದಿನಕ್ಕೆ ಸುಮಾರು 150 ಕಿಲೋ ಮೇವು ಬೇಕು. ದೂರವೇ ಕಥೆಯ ಗತಿಯನ್ನು ಬದಲಿಸಬಲ್ಲದು: 1658ರ ಫೆಬ್ರವರಿಯಲ್ಲಿ ದಾರಾನ ಮಗ ಸುಲೈಮಾನ್ ಶಿಕೋ ಕಾಶಿಯ ಬಳಿ ಚಿಕ್ಕಪ್ಪ ಶೂಜಾನನ್ನು ಸೋಲಿಸಿ ಪೂರ್ವಕ್ಕೆ ಅಟ್ಟಿಕೊಂಡು ಹೋದ, ಅದೇ ಬೇಸಗೆಯಲ್ಲಿ ಆಗ್ರಾದ ಹತ್ತಿರ ಸಾಮೂಗಢದಲ್ಲಿ ತಂದೆ ಸೋಲುವಾಗ ಆ ಗೆದ್ದ ಸೈನ್ಯ ಹಿಂದಿರುಗಿ ಬಂದಿರಲಿಲ್ಲ. ಗಡಿ ಚಲಿಸುವ ಕಾಡನ್ನು ಬರೆಯುವವರಿಗಂತೂ ಎರಡು ದಿನದ ದಾರಿ ಒಂದು ರಾತ್ರಿಯಲ್ಲಿ ಹತ್ತು ದಿನದ್ದಾಗುವ ಸಾಧ್ಯತೆಯೂ ಕೈಯಲ್ಲಿದೆ, ಆದರೆ ಆ ಸಾಧ್ಯತೆಯನ್ನು ನಿಮಗೆ ಅನುಕೂಲವಾದಾಗಲೆಲ್ಲ ಬಳಸಬೇಡಿ. ಪಾತ್ರಗಳನ್ನು ಕಷ್ಟಕ್ಕೆ ಸಿಲುಕಿಸಲು ಮಾಯೆ ಬರಬಹುದು. ಕಷ್ಟದಿಂದ ಬಿಡಿಸಲು ಬರಬಾರದು.

ಏಳನೆಯ ಹಂತ: ಅಧ್ಯಾಯಗಳ ಹಂಚಿಕೆ

ಒಡಹುಟ್ಟಿದವರಲ್ಲಿ ಯಾರ ಕಣ್ಣಿನಿಂದ ಯಾವ ಅಧ್ಯಾಯ ಎಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳಿ, ಆದರೆ ಒಬ್ಬರಾದ ಮೇಲೆ ಒಬ್ಬರು ಎಂದು ಸರದಿ ಹಚ್ಚಬೇಡಿ. ಸರದಿ ಹಚ್ಚಿದರೆ ಹೇಳುವುದಿಲ್ಲದಿದ್ದರೂ ಸರದಿಗಾಗಿ ಬರೆಯಬೇಕಾಗುತ್ತದೆ. ಒಂದೇ ಘಟನೆ ಇಬ್ಬರ ಕಣ್ಣಿಂದ ಬರುವುದು ಇಡೀ ಕಾದಂಬರಿಯಲ್ಲಿ ಒಂದೆರಡು ಕಡೆ ಮಾತ್ರ ಇರಲಿ, ಅದೂ ಎರಡನೆಯ ನೋಟ ಮೊದಲನೆಯದನ್ನು ಸುಳ್ಳು ಮಾಡುವಾಗ. ಅಕ್ಕನ ಒಳಗನ್ನು ನಡುಭಾಗದವರೆಗೆ ತೆರೆಯದಿರುವುದು ನಮ್ಮ ಮಾದರಿಗೆ ಒಳ್ಳೆಯದು. ಅವಳು ಯಾರೆಂಬುದು ಅರಮನೆಗೆ ತಿಳಿಯದಿರುವಷ್ಟೂ ಹೊತ್ತು ಓದುಗನಿಗೂ ತಿಳಿಯದಿರಲಿ.

ಗಾತ್ರದ ಬಗ್ಗೆ ಒಂದು ಮಾತು: ಮೊದಲ ಕಾದಂಬರಿಯನ್ನೇ ಮೂರು ಸಂಪುಟಗಳೆಂದು ಘೋಷಿಸಿಕೊಂಡು ಹೊರಡುವುದಕ್ಕಿಂತ, ಒಂದು ಲಕ್ಷ ಪದಗಳ ಆಸುಪಾಸಿನಲ್ಲಿ ಒಂದು ಪಟ್ಟಾಭಿಷೇಕಕ್ಕೋ ಒಂದು ಪಲಾಯನಕ್ಕೋ ಬಂದು ನಿಲ್ಲುವಂತೆ ಯೋಜಿಸುವುದು ಲೇಸು.

ಎಂಟನೆಯ ಹಂತ: ಮಾತಿನ ಹದ

ಅರಮನೆಯೆಂದ ಕೂಡಲೇ ಎಲ್ಲ ಪಾತ್ರಗಳೂ ಪೌರಾಣಿಕ ನಾಟಕದ ಕನ್ನಡ ಆಡತೊಡಗುವುದು ದೊಡ್ಡ ಕಾಟ. ಸಭೆಯಲ್ಲಿ ಬಿಗಿಯಾದ, ಸಮಾಸಗಳ ಕನ್ನಡ. ಹಜಾರ ದಾಟಿದ ಕೂಡಲೇ ಮನೆಯ ಕನ್ನಡ. ಗಡಿಯ ಹಳ್ಳಿಯವರಿಗೆ ಅವರದೇ ಕನ್ನಡ ಎಂದು ಬೇರೆ ಬೇರೆ ಇಟ್ಟುಕೊಂಡರೆ ಯಾರು ಯಾರ ಜೊತೆ ಎಷ್ಟು ಹತ್ತಿರವಿದ್ದಾರೆಂಬುದು ವರ್ಣನೆಯಿಲ್ಲದೆ ತಿಳಿಯುತ್ತದೆ. ಒಳಮನೆಯಲ್ಲಿ ‘ಏ ಅಣ್ಣಾ, ನೀನು ಊಟ ಮಾಡಿದ್ಯಾ’ ಎನ್ನುತ್ತಿದ್ದ ಕಿರಿಯಳು ಒಂದು ದಿನ ಅದೇ ಒಳಮನೆಯಲ್ಲಿ ‘ತಾವು ಆರೋಗಣೆ ಮುಗಿಸಿದಿರಾ’ ಎಂದಾಗ ಸಂಬಂಧ ಮುರಿದದ್ದನ್ನು ಬೇರೆ ಹೇಳಬೇಕಾಗಿಲ್ಲ. ಅಕ್ಕ ಯುವರಾಜನನ್ನು ತುಂಬಿದ ಸಭೆಯಲ್ಲಿ ಏಕವಚನದಲ್ಲಿ ಕರೆಯುವುದು ಯುದ್ಧ ಸಾರಿದಷ್ಟೇ ಆಗುತ್ತದೆ.

ಹೆಸರುಗಳಿಗೆ ಪರದೇಶದ ಸದ್ದು ಬೇಡ, ಪುರಾಣದಲ್ಲಿ ಸವೆದ ಹೆಸರುಗಳೂ ಬೇಡ. ಕರ್ನಾಟಕದ ಶಾಸನಗಳನ್ನು ಒಟ್ಟುಮಾಡಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಲ್ಲಿ ಒಂದನ್ನು ಗ್ರಂಥಾಲಯದಲ್ಲಿ ತೆರೆದು ಕುಳಿತರೆ ಬೂತುಗ, ಎರೆಯಂಗ, ಅತ್ತಿಮಬ್ಬೆ ಎಂಬಂಥ ಗಟ್ಟಿ ಹೆಸರುಗಳ ಧಾಟಿ ಕಿವಿಗೆ ಹತ್ತುತ್ತದೆ. ಆ ಧಾಟಿಯಲ್ಲಿ ಹೊಸದನ್ನು ಕಟ್ಟಿಕೊಳ್ಳಬಹುದು. ಒಂದೇ ಅಕ್ಷರದಿಂದ ಆರಂಭವಾಗುವ ಹೆಸರುಗಳನ್ನು ಒಂದೇ ಮನೆಯ ಮಕ್ಕಳಿಗೆ ಇಡುವುದು ನಿಜಜೀವನದಲ್ಲಿ ಉಂಟು, ದೀರ್ಘ ಕಾದಂಬರಿಯಲ್ಲಿ ಅದು ಓದುಗನಿಗೆ ತಲೆನೋವು.

ಒಂಬತ್ತನೆಯ ಹಂತ: ತಿದ್ದುವುದು

ಮೊದಲ ಕರಡು ಮುಗಿದ ಮೇಲೆ ಕೆಲವು ವಾರ ಅದನ್ನು ಮುಟ್ಟದೆ ಇಟ್ಟು, ಆಮೇಲೆ ಮೂರು ಪರೀಕ್ಷೆಗಳಿಗೆ ಒಡ್ಡಿ. ಮೊದಲನೆಯದು, ಮಾಯೆಯನ್ನು ಪೂರ್ತಿಯಾಗಿ ತೆಗೆದುಹಾಕಿದರೂ ಜಗಳ ಹಾಗೆಯೇ ನಡೆಯುತ್ತದೆಯೇ ಎಂದು ನೋಡುವುದು. ನಡೆಯುತ್ತದೆಂದಾದರೆ ಎರಡನೆಯ ಹಂತಕ್ಕೆ ಮರಳಿ ಬಿರುಕನ್ನೂ ಮಾಯೆಯನ್ನೂ ಮತ್ತೆ ಹೆಣೆಯಬೇಕು. ಎರಡನೆಯದು, ಕಾಡುಮಾಯೆ ಕಾಣಿಸಿಕೊಳ್ಳುವ ದೃಶ್ಯಗಳನ್ನಷ್ಟೇ ಬೇರೆ ತೆಗೆದು ಸಾಲಾಗಿ ಓದುವುದು; ಸ್ವಭಾವ ಎಲ್ಲಿಯಾದರೂ ತಪ್ಪಿದ್ದರೆ ಈ ಓದಿನಲ್ಲಿ ಕಣ್ಣಿಗೆ ಬೀಳುತ್ತದೆ, ಇಡೀ ಕಾದಂಬರಿ ಓದುವಾಗ ಬೀಳುವುದಿಲ್ಲ. ಮೂರನೆಯದಕ್ಕೆ ಬೇರೆಯವರು ಬೇಕು. ಹಸ್ತಪ್ರತಿಯನ್ನು ನಾಲ್ಕೈದು ಜನರಿಗೆ ಕೊಟ್ಟು, ಚೆನ್ನಾಗಿದೆಯೇ ಎಂದು ಕೇಳುವ ಬದಲು ಪಟ್ಟ ಯಾರಿಗೆ ಸಲ್ಲಬೇಕಿತ್ತೆಂದು ಕೇಳಿ, ಅವರು ಮನಸ್ಸು ಬದಲಿಸಿದ ಪುಟಗಳನ್ನು ಗುರುತು ಹಾಕಿಸಿ. ಎಲ್ಲರೂ ಒಬ್ಬರ ಹೆಸರನ್ನೇ ಹೇಳಿದರೆ ಸೋತ ಪಕ್ಷಕ್ಕೆ ನೀವು ವಾದಿಸಲು ಅವಕಾಶ ಕೊಟ್ಟಿಲ್ಲವೆಂದು ತಿಳಿದು, ಮೊದಲ ಮೂರನೇ ಒಂದು ಭಾಗದಲ್ಲಿ ಆ ಪಕ್ಷದವರು ಸರಿಯಾಗಿ ನಡೆದುಕೊಂಡ ಎರಡು ದೃಶ್ಯಗಳನ್ನಾದರೂ ಹೊಸದಾಗಿ ಬರೆದು ಸೇರಿಸಿ, ಅದಾದ ಬಳಿಕ ಕೊನೆಯ ಅಧ್ಯಾಯಗಳನ್ನು ತಿದ್ದಲು ಕುಳಿತುಕೊಳ್ಳಿ.